ಮರಿ ಉಚ್ಚೆ ಹೊಯ್ದರೆ ಬೈಯಬೇಡಿ

ಮನೆಗೆ ಹೊಸ ನಾಯಿಮರಿ ಬಂದರೆ ಮಕ್ಕಳಿಗೆ ಹಬ್ಬ, ನೆಲ ಒರೆಸುವವರಿಗೆ ಕೆಲಸ. ಮರಿ ಎಂದ ಮೇಲೆ ಮೂಲೆಯಲ್ಲೋ ಕಾಲೊರಸಿನ ಮೇಲೋ ಉಚ್ಚೆ ಹೊಯ್ಯುವುದು ಇದ್ದದ್ದೇ. ಅದನ್ನು ಎಲ್ಲರೂ ಸಹಿಸಿಕೊಳ್ಳುತ್ತಾರೆ. ಆದರೆ ಕೆಲವು ಮರಿಗಳದು ಬೇರೆಯೇ ರೀತಿ. ಅಂಗಳದಲ್ಲಿ ಆಗಷ್ಟೇ ಎಲ್ಲ ಮುಗಿಸಿ ಒಳಗೆ ಬಂದಿರುತ್ತದೆ. ಅಷ್ಟರಲ್ಲಿ ಅಜ್ಜ ಬಾಗಿಲು ತೆರೆದು ಬಂದು, ಪ್ರೀತಿಯಿಂದಲೇ ಬಗ್ಗಿ, ತಲೆ ಸವರಲು ಕೈ ಚಾಚುತ್ತಾರೆ. ಮರಿ ಕಿವಿಗಳನ್ನು ಹಿಂದಕ್ಕೆ ಮಡಚಿ, ಬಾಲವನ್ನು ಕಾಲಸಂದಿಯಲ್ಲಿ ಸೇರಿಸಿಕೊಂಡು, ಹೊಟ್ಟೆ ನೆಲಕ್ಕೆ ತಾಗುವಂತೆ ಕುಗ್ಗಿ, ಅವರ ಕಾಲಬುಡದಲ್ಲೇ ಒಂದಿಷ್ಟು ಉಚ್ಚೆ ಬಿಟ್ಟುಬಿಡುತ್ತದೆ. ಗದರಿಸಿದರೆ ಮಗುಚಿ ಬಿದ್ದು, ಹೊಟ್ಟೆ ಮೇಲೆ ಮಾಡಿ, ಇನ್ನಷ್ಟು ಬಿಡುತ್ತದೆ.

"ಎಷ್ಟು ಸೊಕ್ಕು ನೋಡಿ, ಬೈದರೂ ಎದುರಿಗೇ ಮಾಡುತ್ತದೆ" ಎನ್ನುತ್ತಾರೆ ದೊಡ್ಡವರು. ಪಾಪ, ಆ ಮರಿಗೆ ಸೊಕ್ಕಿನ ಗಂಧವೂ ಇಲ್ಲ. ಅದು ತನ್ನ ಭಾಷೆಯಲ್ಲಿ ನಮಸ್ಕಾರ ಮಾಡುತ್ತಿದೆ. ನಮಗೆ ಆ ಭಾಷೆ ಬರುವುದಿಲ್ಲ, ಅಷ್ಟೇ. ಇದನ್ನು ತಿಳಿಯದೆ ಎಷ್ಟೋ ಮನೆಗಳಲ್ಲಿ ಮರಿ ಪೆಟ್ಟು ತಿನ್ನುತ್ತದೆ, ಹಿತ್ತಲಲ್ಲಿ ಸರಪಳಿಗೆ ಬೀಳುತ್ತದೆ, ಕೊನೆಗೆ ಯಾರಿಗೋ ದಾಟಿಹೋಗುತ್ತದೆ. ಆದ್ದರಿಂದ ಮಕ್ಕಳೇ, ಅಜ್ಜ ಅಜ್ಜಿಯರೇ, ಈ ವಾರ ಈ ವಿಷಯವನ್ನು ಸ್ವಲ್ಪ ಸಾವಧಾನವಾಗಿ ನೋಡೋಣ.

ಮರಿ ಏನು ಹೇಳುತ್ತಿದೆ?

ನಾಯಿಮರಿ ಹುಟ್ಟುವಾಗ ಅದಕ್ಕೆ ಕಣ್ಣು ಕಾಣಿಸುವುದಿಲ್ಲ, ಕಿವಿ ಕೇಳಿಸುವುದಿಲ್ಲ. ಕಣ್ಣು ತೆರೆಯಲು ಹತ್ತು ಹದಿನಾಲ್ಕು ದಿನ ಬೇಕು. ಮೊದಲ ಎರಡು ಮೂರು ವಾರ ಅದಕ್ಕೆ ತಾನಾಗಿ ಉಚ್ಚೆ ಹೊಯ್ಯುವುದೂ ಬಾರದು. ತಾಯಿ ಮರಿಯನ್ನು ಅಂಗಾತ ಉರುಳಿಸಿ, ಹೊಟ್ಟೆಯ ಕೆಳಭಾಗವನ್ನು ನೆಕ್ಕುತ್ತಾಳೆ. ಆ ಸ್ಪರ್ಶಕ್ಕೆ ಮರಿ ಉಚ್ಚೆ ಬಿಡುತ್ತದೆ, ತಾಯಿ ಅದನ್ನೂ ನೆಕ್ಕಿ ಗೂಡನ್ನು ಒಣಗಿರುವಂತೆ ನೋಡಿಕೊಳ್ಳುತ್ತಾಳೆ. ಅಂದರೆ ದೊಡ್ಡವರ ಮುಂದೆ ಅಂಗಾತ ಬಿದ್ದು ಉಚ್ಚೆ ಬಿಡುವುದು ಮರಿ ಬದುಕಿನಲ್ಲಿ ಕಲಿತ ಮೊದಲ ಪಾಠಗಳಲ್ಲಿ ಒಂದು.

ಸ್ವಲ್ಪ ಬೆಳೆದ ಮೇಲೂ ಆ ಪಾಠ ಉಳಿದಿರುತ್ತದೆ. ತನಗಿಂತ ದೊಡ್ಡದಾದ, ಬಲವಾದ ಪ್ರಾಣಿ ಎದುರು ಬಂದಾಗ ಮರಿ ಮೈ ಕುಗ್ಗಿಸಿ, ಕಣ್ಣು ತಪ್ಪಿಸಿ, ತುಟಿ ನೆಕ್ಕಿಕೊಂಡು, ಒಂದಿಷ್ಟು ಉಚ್ಚೆ ಬಿಡುತ್ತದೆ. "ನಾನು ಚಿಕ್ಕವನು, ನಿಮ್ಮ ಎದುರು ನಿಲ್ಲುವವನಲ್ಲ, ನನ್ನ ಮೇಲೆ ಕೋಪ ಬೇಡ" ಎಂಬುದು ಅದರ ಅರ್ಥ. ದೊಡ್ಡ ನಾಯಿ ಈ ಮಾತನ್ನು ತಕ್ಷಣ ಅರ್ಥಮಾಡಿಕೊಂಡು, ಮೂಸಿ ನೋಡಿ ಸುಮ್ಮನೆ ಹೋಗುತ್ತದೆ. ಪಶುವೈದ್ಯರು ಇದನ್ನು ಸಬ್‌ಮಿಸಿವ್ ಯೂರಿನೇಶನ್ ಎನ್ನುತ್ತಾರೆ. ನಾವು ಶರಣಾಗತಿಯ ಉಚ್ಚೆ ಎನ್ನಬಹುದು.

ಇಲ್ಲಿ ನೆನಪಿಡಬೇಕಾದ ಮಾತು ಒಂದೇ. ಮರಿ ಇದನ್ನು ಬೇಕೆಂದು ಮಾಡುವುದಿಲ್ಲ. ಅದರ ಮೂತ್ರಚೀಲದ ಬಾಯಿಯನ್ನು ಹಿಡಿದಿಡುವ ಸ್ನಾಯು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಅಂಜಿಕೆಯಾದಾಗ ನಮ್ಮ ಅಂಗೈ ಬೆವರುತ್ತದಲ್ಲ, ಬೆವರಬೇಡ ಎಂದು ಗದರಿಸಿದರೆ ಅದು ನಿಲ್ಲುತ್ತದೆಯೇ? ಇದೂ ಹಾಗೆಯೇ.

ಈಗ ಬೈಗುಳದಿಂದ ಏನಾಗುತ್ತದೆ ನೋಡಿ. ಮರಿ ಕೋಪ ಬೇಡವೆಂದು ಉಚ್ಚೆ ಬಿಟ್ಟಿತು. ನಾವು ಕೋಪಿಸಿಕೊಂಡೆವು. "ಓಹೋ, ನನ್ನ ನಮಸ್ಕಾರ ಇವರಿಗೆ ಸಾಲಲಿಲ್ಲ" ಎಂದು ಮರಿ ಇನ್ನಷ್ಟು ಬಗ್ಗಿ ಇನ್ನಷ್ಟು ಬಿಟ್ಟಿತು. ನಾವು ಇನ್ನೂ ಜೋರಾಗಿ ಕೂಗಿದೆವು. ಹೀಗೆ ಬಡ್ಡಿಗೆ ಬಡ್ಡಿ ಬೆಳೆದಂತೆ ತೊಂದರೆ ಬೆಳೆಯುತ್ತದೆ. ಮರಿಯ ಮೂತಿಯನ್ನು ಉಚ್ಚೆಗೆ ಒತ್ತಿ ಉಜ್ಜುವ ಹಳೆಯ ಪದ್ಧತಿಯೊಂದು ಇನ್ನೂ ಹಲವು ಮನೆಗಳಲ್ಲಿದೆ. ಅದರಿಂದ ಮರಿ ಸ್ವಚ್ಛತೆ ಕಲಿಯುವುದಿಲ್ಲ. ಮನುಷ್ಯನ ಕೈ ಹತ್ತಿರ ಬಂದರೆ ಹೆದರಬೇಕು ಎಂಬುದನ್ನು ಮಾತ್ರ ಕಲಿಯುತ್ತದೆ.

ಬೇಟೆ ನಾಯಿಗೂ ಅಂಜಿಕೆಯೇ?

"ನಮ್ಮದು ಬೇಟೆ ತಳಿ, ಅದೇಕೆ ಹೆದರೀತು?" ಎಂದು ಕೇಳುವವರಿದ್ದಾರೆ. ನಮ್ಮದೇ ಮುಧೋಳ ನಾಯಿಯನ್ನು ತೆಗೆದುಕೊಳ್ಳಿ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರನ್ನು ಹೊತ್ತ ತಳಿ. ಉದ್ದ ಮೂತಿ, ಆಳವಾದ ಎದೆ, ಒಳಸರಿದ ಹೊಟ್ಟೆ, ತೆಳ್ಳನೆಯ ಉದ್ದ ಕಾಲು. ಬೆಳೆದ ಗಂಡು ನಾಯಿ ಭುಜದ ಹತ್ತಿರ ಎರಡು ಅಡಿಗಿಂತ ಎತ್ತರ ನಿಲ್ಲುತ್ತದೆ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಆಸ್ಥೆಯಿಂದ ಬೆಳೆಸಿ, ಇಂಗ್ಲೆಂಡಿನ ದೊರೆ ಐದನೇ ಜಾರ್ಜನಿಗೆ ಕಾಣಿಕೆಯಾಗಿ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರದ ಅಂಚೆಚೀಟಿ ಹೊರತಂದಿತು. 2016ರಲ್ಲಿ ಭಾರತೀಯ ಸೇನೆ ಇದರ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಆರಂಭಿಸಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೂ ಇದೆ.

ಇಷ್ಟೆಲ್ಲ ಹೆಸರು ಮಾಡಿದ ನಾಯಿ ಸ್ವಭಾವದಲ್ಲಿ ಬಹಳ ಸೂಕ್ಷ್ಮ. ಮೂಸಿ ಹುಡುಕುವ ನಾಯಿಗಳಂತೆ ಇದು ಮೂಗನ್ನು ನೆಚ್ಚುವುದಿಲ್ಲ, ಕಣ್ಣಿನಿಂದ ಬೇಟೆಯಾಡುತ್ತದೆ. ದೂರದ ಹೊಲದಲ್ಲಿ ಮೊಲದ ಕಿವಿ ಅಲುಗಿದರೂ ಅದಕ್ಕೆ ಕಾಣಬೇಕು. ಅಂಥ ಕಣ್ಣಿಗೆ ನಮ್ಮ ಹುಬ್ಬಿನ ಗಂಟು, ಎತ್ತಿದ ಕೈ, ಮುಂದಕ್ಕೆ ಬಾಗಿದ ಮೈ ಕಾಣದೆ ಇರುತ್ತದೆಯೇ? ಅಪರಿಚಿತರು ಮುಟ್ಟುವುದನ್ನು ಇದು ಇಷ್ಟಪಡುವುದಿಲ್ಲ. ಏರುದನಿಗೆ ಕುಗ್ಗಿಹೋಗುತ್ತದೆ. ಮೊಲದ ಹಿಂದೆ ಬಿದ್ದಾಗ ಇರುವ ಧೈರ್ಯ ಬೇರೆ, ಮನೆಯಲ್ಲಿ ಮನುಷ್ಯರ ನಡುವೆ ಬೇಕಾಗುವ ಧೈರ್ಯ ಬೇರೆ. ಮೊದಲನೆಯದು ರಕ್ತದಲ್ಲಿ ಬರುತ್ತದೆ, ಎರಡನೆಯದನ್ನು ನಾವು ಬೆಳೆಸಬೇಕು.

ನಮ್ಮ ಓಣಿಯ ಒಂದು ಲೆಕ್ಕದ ಪುಸ್ತಕ

ನಾನು ಇರುವುದು ಧಾರವಾಡದಲ್ಲಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ನಮ್ಮ ಓಣಿಯ ಒಂದು ಮನೆಗೆ ಕೆಲವು ವರ್ಷಗಳ ಹಿಂದೆ ಕಂದು ಬಣ್ಣದ ಮುಧೋಳ ಮರಿಯೊಂದು ಬಂತು. ವಯಸ್ಸು ಎರಡೂವರೆ ತಿಂಗಳು. ಐದನೇ ಇಯತ್ತೆಯ ಹುಡುಗನಿಗೆ ಅದು ಪ್ರಾಣ. ಅವನ ಅಜ್ಜ ನಿವೃತ್ತ ಮಾಸ್ತರರು. ದೇವರ ಕೋಣೆ ಇರುವ ಪಡಸಾಲೆಯಲ್ಲಿ ದಿನಕ್ಕೆ ನಾಲ್ಕು ಸಲ ಉಚ್ಚೆಯಾದರೆ ಅವರಾದರೂ ಎಷ್ಟು ತಡೆದಾರು? ಒಂದು ಸೋಮವಾರ ಅವರು ಕಟ್ಟುನಿಟ್ಟಾಗಿ ಹೇಳಿಬಿಟ್ಟರು: "ಮುಂದಿನ ಐತವಾರದೊಳಗ ಇದು ಸುಧಾರಿಸಲಿಲ್ಲಂದ್ರ ತಂದವರ ಮನಿಗೇ ವಾಪಸ್ ಕಳಸ್ತೀನಿ."

ಹುಡುಗ ಅಳುಮುಖ ಮಾಡಿಕೊಂಡು ನಮ್ಮ ಕಟ್ಟೆಗೆ ಬಂದ. "ಅಜ್ಜಾರ, ಅದು ಬೇಕಂತ ಮಾಡೂದಿಲ್ರೀ. ಅಜ್ಜ ಬಂದಾಗ ಅಷ್ಟ ಮಾಡ್ತದ."

ಅವನ ಮಾತಿನ ಕೊನೆಯ ಭಾಗ ನನ್ನ ಕಿವಿಗೆ ಬಿತ್ತು. ಮನೆಯಲ್ಲಿ ಮೊದಲಿನಿಂದ ನಾಯಿ ಸಾಕಿದವನಾದ್ದರಿಂದ ಇದು ಏನಿರಬಹುದೆಂದು ಅಂದಾಜಿತ್ತು. ಆದರೆ ಮಾಸ್ತರರಿಗೆ ಬಾಯಿಮಾತು ಸಾಲದು, ಪುರಾವೆ ಬೇಕು. ಹುಡುಗನಿಗೆ ಒಂದು ಹಳೆಯ ನೋಟ್‌ಬುಕ್ ಕೊಟ್ಟು ನಾಲ್ಕು ಕಾಲಂ ಗೀಚಿಕೊಟ್ಟೆ. ಎಷ್ಟು ಗಂಟೆ, ಮರಿಯ ಹತ್ತಿರ ಯಾರು ಬಂದರು, ಅವರು ಏನು ಮಾಡಿದರು, ಉಚ್ಚೆ ಆಯಿತೋ ಇಲ್ಲವೋ. "ಯಾರ ಪರವಾಗಿಯೂ ಬರೀಬ್ಯಾಡ, ನೋಡಿದ್ದಷ್ಟ ಬರಿ" ಎಂದೆ.

ಮೂರು ದಿನದಲ್ಲಿ ಎರಡು ಪುಟ ತುಂಬಿತು. ಅಜ್ಜಿ ನೆಲದ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುವಾಗ ಮರಿ ಅವರ ಮೊಣಕಾಲಿಗೆ ಒರಗಿ ಮಲಗಿತ್ತು, ಒಂದು ಸಲವೂ ಉಚ್ಚೆಯಿಲ್ಲ. ಹುಡುಗ ಶಾಲೆಯಿಂದ ಓಡಿಬಂದು ಅಪ್ಪಿಕೊಂಡಾಗ ಎರಡು ಸಲ ಉಚ್ಚೆ. ಅಜ್ಜ ವಾಕಿಂಗ್ ಮುಗಿಸಿ ಕೋಲು ಹಿಡಿದು ಬಾಗಿಲಲ್ಲಿ ನಿಂತು "ಏನಲೇ" ಎಂದಾಗ ಪ್ರತಿ ಸಲವೂ ಉಚ್ಚೆ. ಅಜ್ಜ ಕುರ್ಚಿಯಲ್ಲಿ ಕೂತು ಪೇಪರ್ ಓದುವಾಗ ಮಾತ್ರ ಮರಿ ತಾನಾಗಿ ಹೋಗಿ ಅವರ ಪಾದ ಮೂಸಿತ್ತು, ಆಗ ಉಚ್ಚೆಯಿಲ್ಲ.

ಮಾಸ್ತರರು ಕನ್ನಡಕ ಏರಿಸಿ ಎರಡೂ ಪುಟ ಓದಿದರು. ಬಹಳ ಹೊತ್ತು ಸುಮ್ಮನಿದ್ದರು. "ಅಂದ್ರ ಅದಕ್ಕ ನನ್ನ ಅಂಜಿಕಿ" ಎಂದರು. "ಮೂವತ್ತು ವರ್ಷ ಹುಡುಗರನ್ನ ಹಿಡಿತದಾಗ ಇಟ್ಟ ದನಿ ರೀ ನಿಮ್ಮದು" ಎಂದೆ. ನಕ್ಕರು. ಮರುದಿನದಿಂದ ಕೋಲನ್ನು ಹೊರಗಿನ ಕಟ್ಟೆಗೇ ಒರಗಿಸಿ, ಮರಿಯ ಕಡೆ ನೋಡದೆ ನೇರ ಹೋಗಿ ಕುರ್ಚಿಯಲ್ಲಿ ಕೂರತೊಡಗಿದರು. ಐತವಾರ ಬಂತು, ಹೋಯಿತು. ಮರಿ ಪೂರ್ತಿ ಸುಧಾರಿಸಿರಲಿಲ್ಲ, ಆದರೆ ಅದನ್ನು ವಾಪಸ್ ಕಳಿಸುವ ಮಾತು ಯಾರೂ ಎತ್ತಲಿಲ್ಲ. ಎರಡು ತಿಂಗಳಲ್ಲಿ ಅಜ್ಜನ ಮುಂದೆ ಉಚ್ಚೆ ಬಿಡುವುದು ನಿಂತಿತು. ಗ್ಯಾಸ್ ಸಿಲಿಂಡರ್ ತರುವವನ ಮುಂದೆ ಇನ್ನೂ ಬಹಳ ದಿನ ನಡೆಯಿತು. ಅವನ ಹೆಗಲ ಮೇಲಿನ ಸಿಲಿಂಡರ್ ಮರಿಯ ಕಣ್ಣಿಗೆ ಹೇಗೆ ಕಂಡಿರಬೇಕು!

ಎಲ್ಲ ಉಚ್ಚೆಯೂ ಒಂದೇ ಅಲ್ಲ

ಉಪಾಯ ಮಾಡುವ ಮೊದಲು ಇದು ಯಾವ ಬಗೆಯದು ಎಂದು ತಿಳಿಯಬೇಕು. ಮೈ ಕುಗ್ಗಿಸಿ, ಬಾಲ ಮಡಚಿ, ಯಾರಾದರೂ ಬಂದಾಗ ಅಥವಾ ಗದರಿದಾಗ ಸ್ವಲ್ಪವೇ ಬಿಟ್ಟರೆ ಅದು ಶರಣಾಗತಿಯದು. ಕುಣಿದು, ನೆಗೆದು, ಬಾಲ ಜೋರಾಗಿ ಅಲ್ಲಾಡಿಸುತ್ತ ಬಿಟ್ಟರೆ ಅದು ಸಂತೋಷ ತಡೆಯಲಾರದ್ದು. ಇವೆರಡಕ್ಕೂ ಉಪಾಯ ಹೆಚ್ಚುಕಡಿಮೆ ಒಂದೇ: ಭೇಟಿಯ ಗದ್ದಲವನ್ನು ಕಡಿಮೆ ಮಾಡುವುದು.

ಯಾರೂ ಹತ್ತಿರ ಇಲ್ಲದಾಗ ಮೂಲೆಯಲ್ಲಿ ದೊಡ್ಡ ಮಡುವನ್ನೇ ಮಾಡಿದ್ದರೆ ಅದಕ್ಕೆ ಇನ್ನೂ ಹೊರಗೆ ಹೋಗುವ ಅಭ್ಯಾಸವಾಗಿಲ್ಲ. ಬೆಳೆದ ಗಂಡು ನಾಯಿ ಕಾಲೆತ್ತಿ ಕಂಬಕ್ಕೋ ಸೋಫಾಕ್ಕೋ ಬಿಟ್ಟರೆ ಅದು ಗಡಿ ಗುರುತು ಹಾಕುವ ಕೆಲಸ.

ಇನ್ನು ಕೆಲವು ಲಕ್ಷಣ ಕಂಡರೆ ಮನೆಮದ್ದು ಬೇಡ, ಪಶುವೈದ್ಯರ ಹತ್ತಿರ ಹೋಗಿ. ಪದೇ ಪದೇ ಕೂತು ಹನಿ ಹನಿ ಬಿಡುವುದು, ತಿಣುಕುವುದು, ಉಚ್ಚೆಯಲ್ಲಿ ರಕ್ತ, ಮಲಗಿದ್ದಾಗಲೇ ಹಾಸಿಗೆ ಒದ್ದೆಯಾಗುವುದು, ವಿಪರೀತ ನೀರು ಕುಡಿಯುವುದು. ಇವು ಮೂತ್ರದ ಸೋಂಕಿನ ಅಥವಾ ಬೇರೆ ಕಾಯಿಲೆಯ ಸೂಚನೆ ಇರಬಹುದು. ಉಚ್ಚೆ ಕಡಿಮೆಯಾಗಲಿ ಎಂದು ಮರಿಗೆ ನೀರು ಕೊಡದೆ ಇರುವುದು ಮಾತ್ರ ಎಂದೂ ಸಲ್ಲದು.

ನಾವು ಬದಲಾಗಬೇಕಾದ ರೀತಿ

ಮರಿಯನ್ನು ತಿದ್ದುವ ಮೊದಲು ನಮ್ಮ ನಿಲುವು, ಕೈ, ದನಿ ತಿದ್ದಿಕೊಳ್ಳಬೇಕು. ಮನೆಯ ಎಲ್ಲರೂ ಒಂದೇ ರೀತಿ ನಡೆದುಕೊಂಡರೆ ಫಲ ಬೇಗ.

ಒಂದು, ಮನೆಗೆ ಬಂದ ಕೂಡಲೇ ಮರಿಯನ್ನು ಮಾತಾಡಿಸಬೇಡಿ. ಮಕ್ಕಳೇ, ನಿಮಗೆ ಇದು ಕಷ್ಟ, ಗೊತ್ತು. ಚೀಲ ಇಟ್ಟು, ಕೈಕಾಲು ತೊಳೆದು, ನೀರು ಕುಡಿಯಿರಿ. ಅಷ್ಟರಲ್ಲಿ ಮರಿಯ ಗಾಬರಿ ಇಳಿದಿರುತ್ತದೆ. ಆಗ ಅದೇ ನಿಮ್ಮ ಹತ್ತಿರ ಬರುತ್ತದೆ.

ಎರಡು, ಮರಿಯ ಮೇಲೆ ಬಾಗಬೇಡಿ. ಅದಕ್ಕೆ ಪಕ್ಕವಾಗಿ ತಿರುಗಿ ಕೂತುಕೊಳ್ಳಿ. ಮೊಣಕಾಲು ನೋವಿರುವ ಅಜ್ಜ ಅಜ್ಜಿಯರು ಕುರ್ಚಿಯಲ್ಲಿ ಕೂತರೂ ಸಾಕು. ಕೈಯನ್ನು ಕೆಳಗೆ ಇಳಿಬಿಟ್ಟು, ಮರಿ ಮೂಸಲು ಬಿಡಿ.

ಮೂರು, ತಲೆಯ ಮೇಲಿಂದ ಕೈ ತರಬೇಡಿ. ಗದ್ದದ ಕೆಳಗೆ ಅಥವಾ ಎದೆಯ ಹತ್ತಿರ ಮೆಲ್ಲಗೆ ಕೆರೆಯಿರಿ. ಎರಡು ಮೂರು ಸಲ ಕೆರೆದು ಕೈ ತೆಗೆಯಿರಿ. ಮರಿ ಇನ್ನೂ ಬೇಕೆಂದು ಹತ್ತಿರ ಬಂದರೆ ಮುಂದುವರಿಸಿ, ಹಿಂದೆ ಸರಿದರೆ ಬಿಟ್ಟುಬಿಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಬಿಗಿಯಾಗಿ ಅಪ್ಪುವುದು, ಓಡಿಸಿಕೊಂಡು ಹೋಗಿ ಹಿಡಿಯುವುದು ಬೇಡ.

ನಾಲ್ಕು, ಬಂಧುಗಳು ಬರುವ ದಿನ ಮೊದಲೇ ಮರಿಯನ್ನು ಅಂಗಳಕ್ಕೆ ಒಯ್ದು ಉಚ್ಚೆ ಮಾಡಿಸಿ. ಸಾಧ್ಯವಾದರೆ ಮೊದಲ ಭೇಟಿ ಅಂಗಳದಲ್ಲೇ ಆಗಲಿ. ಬಂದವರಿಗೆ "ಸ್ವಲ್ಪ ಹೊತ್ತು ಅದರ ಕಡೆ ನೋಡಬೇಡಿ" ಎಂದು ಹೇಳಿ. ಬೇಯಿಸಿದ ಮೊಟ್ಟೆಯ ಚೂರನ್ನೋ ಚಪಾತಿಯ ತುಣುಕನ್ನೋ ಅವರು ನೆಲದ ಮೇಲೆ ಹಾಕಲಿ. ನೆಲ ಮೂಸಿ ತಿನ್ನುವ ಮರಿಗೆ ಅಂಜಲು ಪುರಸೊತ್ತು ಕಡಿಮೆ.

ಐದು, ಕೊರಳಪಟ್ಟಿ ಕಟ್ಟುವಾಗಲೂ ಕೆಲವು ಮರಿಗಳು ಉಚ್ಚೆ ಬಿಡುತ್ತವೆ. ಎದುರಿನಿಂದ ಬಗ್ಗಿ ಕಟ್ಟುವ ಬದಲು ಪಕ್ಕದಲ್ಲಿ ಕೂತು, ಗದ್ದದ ಕೆಳಗಿನಿಂದ ಕೈ ತಂದು ಕಟ್ಟಿ.

ಆರು, ಉಚ್ಚೆ ಆಗಿಯೇಬಿಟ್ಟರೆ ಏನೂ ಹೇಳಬೇಡಿ. ಬೈಯಬೇಡಿ, "ಅಯ್ಯೋ ಪಾಪ" ಎಂದು ಎತ್ತಿ ಮುದ್ದಾಡಲೂ ಬೇಡಿ. ಮುಖ ತಿರುಗಿಸಿ ಮೆಲ್ಲಗೆ ಆಚೆ ನಡೆಯಿರಿ. ಮರಿ ಬೇರೆ ಕಡೆ ಹೋದ ಮೇಲೆ ಒರೆಸಿ. ಹಳೆ ಬಟ್ಟೆ ಅಥವಾ ಪೇಪರ್‌ನಿಂದ ಹೀರಿಸಿ, ನೀರು ಬೆರೆಸಿದ ಬಿಳಿ ವಿನೆಗರ್‌ನಿಂದ ಒರೆಸಿದರೆ ವಾಸನೆ ಕಡಿಮೆಯಾಗುತ್ತದೆ. ಮಾರ್ಬಲ್ ನೆಲಕ್ಕೆ ವಿನೆಗರ್ ಆಗದು, ಅಲ್ಲಿ ಸಾಬೂನು ನೀರು ಸಾಕು. ಅಮೋನಿಯಾ ಇರುವ ದ್ರವ ಬೇಡ, ಅದರ ವಾಸನೆ ಉಚ್ಚೆಯ ವಾಸನೆಯನ್ನೇ ಹೋಲುತ್ತದೆ. ಫಿನಾಯಿಲ್ ಹಾಕಿದ್ದರೆ ನೆಲ ಪೂರ್ತಿ ಒಣಗುವ ತನಕ ಮರಿಯನ್ನು ಅಲ್ಲಿ ಬಿಡಬೇಡಿ. ಅದು ಪಾದ ನೆಕ್ಕಿಕೊಳ್ಳುತ್ತದೆ.

ಹೊರಗೆ ಹೋಗುವ ಅಭ್ಯಾಸ

ಇದು ಬೇರೆ ಪಾಠ, ಆದರೆ ಜೊತೆಜೊತೆಗೇ ನಡೆಯಬೇಕು. ಚೀಲ ಖಾಲಿಯಿದ್ದರೆ ಅಂಜಿಕೆಯಾದಾಗ ಬೀಳುವುದೂ ಕಡಿಮೆ.

ಮರಿ ಉಚ್ಚೆ ಮಾಡುವ ಹೊತ್ತುಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ನಿದ್ದೆಯಿಂದ ಎದ್ದ ಕೂಡಲೇ, ತಿಂದು ಕುಡಿದ ಮೇಲೆ, ಆಟದ ನಡುವೆ, ರಾತ್ರಿ ಮಲಗುವ ಮುಂಚೆ. ಎರಡು ತಿಂಗಳ ಮರಿಯನ್ನು ಹಗಲಿನಲ್ಲಿ ಗಂಟೆಗೊಮ್ಮೆಯಾದರೂ ಹೊರಗೆ ಒಯ್ಯಬೇಕು. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ, ಅದು ಹೆಚ್ಚೆಂದರೆ ಅಷ್ಟು ಗಂಟೆ ತಡೆದುಕೊಳ್ಳಬಲ್ಲದು ಎಂಬುದು ಸಾಮಾನ್ಯ ಲೆಕ್ಕ. ಎರಡು ತಿಂಗಳಿಗೆ ಮೂರು ಗಂಟೆ ಎಂದಾಯಿತು, ಅದೂ ನಿದ್ದೆಯಲ್ಲಿ. ಆದ್ದರಿಂದ ರಾತ್ರಿ ಒಂದೆರಡು ಸಲ ಏಳಲೇಬೇಕು. ಬೆಳಗಿನ ಜಾವ ಹೇಗೂ ಎಚ್ಚರವಾಗುವ ನಮ್ಮ ವಯಸ್ಸಿನವರಿಗೆ ಇದು ಹೇಳಿ ಮಾಡಿಸಿದ ಕೆಲಸ.

ದಿನವೂ ಒಂದೇ ಜಾಗಕ್ಕೆ ಒಯ್ಯಿರಿ. "ಸುಸ್ಸು" ಎಂದೋ ಮತ್ತೇನೋ ಒಂದೇ ಮಾತು ಹೇಳಿ. ಮುಗಿಸಿದ ಕ್ಷಣವೇ ಮೆಲುದನಿಯಲ್ಲಿ "ಶಾಣ್ಯಾ" ಎಂದು ಒಂದು ತುಣುಕು ತಿನ್ನಲು ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಬಹುಮಾನ ಎಂದುಕೊಳ್ಳುತ್ತದೆ. ನಾಯಿಗೆ ಕೆಲಸಕ್ಕೂ ಫಲಕ್ಕೂ ನಡುವೆ ಒಂದೆರಡು ಕ್ಷಣಕ್ಕಿಂತ ಹೆಚ್ಚು ಅಂತರವಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಬೆಳಿಗ್ಗೆ ಆದದ್ದಕ್ಕೆ ಸಂಜೆ ಬೈದರೆ ಅದಕ್ಕೆ ಏನೂ ತಿಳಿಯದಿರುವುದೂ ಇದೇ ಕಾರಣಕ್ಕೆ.

ಧೈರ್ಯ ಬೆಳೆಸುವ ಆಟಗಳು

ಅಂಜುವ ಮರಿಗೆ ಅತ್ಯುತ್ತಮ ಔಷಧಿ ಗೆಲುವು. ಚಿಕ್ಕ ಚಿಕ್ಕ ಪಾಠ, ಪ್ರತಿ ಪಾಠದಲ್ಲೂ ಅದಕ್ಕೆ ಗೆಲುವು. ಒಂದು ಸಲಕ್ಕೆ ಮೂರರಿಂದ ಐದು ನಿಮಿಷ ಸಾಕು, ದಿನಕ್ಕೆ ಎರಡು ಮೂರು ಸಲ.

ಮೊದಲನೆಯದು ಹೆಸರಿನ ಆಟ. ಮರಿಯ ಹೆಸರನ್ನು ಮೆಲ್ಲಗೆ ಕರೆಯಿರಿ. ತಿರುಗಿ ನೋಡಿದ ಕೂಡಲೇ ಒಂದು ತುಣುಕು. ಬೈಯಲು ಆ ಹೆಸರನ್ನು ಎಂದೂ ಬಳಸಬೇಡಿ.

ಎರಡನೆಯದು "ಬಾ" ಆಟ. ಪಡಸಾಲೆಯ ಒಂದು ತುದಿಯಲ್ಲಿ ಅಜ್ಜ, ಇನ್ನೊಂದು ತುದಿಯಲ್ಲಿ ಮೊಮ್ಮಗ ಕೂರಲಿ. ಒಬ್ಬರಾದ ಮೇಲೆ ಒಬ್ಬರು "ಬಾ" ಎಂದು ಕರೆದು, ಬಂದಾಗ ತಿನಿಸು ಕೊಡಲಿ. ಬೇಟೆ ತಳಿಗೆ ಇದು ಆಟವಷ್ಟೇ ಆಗಿ ಉಳಿಯದು, ಮುಂದೆ ಪ್ರಾಣ ಉಳಿಸುವ ವಿದ್ಯೆ. ಕಣ್ಣಿಗೆ ಬೆಕ್ಕೋ ಮೊಲವೋ ಸ್ಕೂಟರೋ ಬಿದ್ದು ಮುಧೋಳ ಓಟ ಕಿತ್ತರೆ ಯಾವ ಮನುಷ್ಯನೂ ಅದನ್ನು ಹಿಡಿಯಲಾರ. ಕರೆದಾಗ ಬರುವ ಅಭ್ಯಾಸ ಚಿಕ್ಕಂದಿನಲ್ಲೇ ಬೇರೂರಬೇಕು. ಅದು ಗಟ್ಟಿಯಾಗುವ ತನಕ ಬಯಲಿನಲ್ಲೂ ಹದಿನೈದು ಇಪ್ಪತ್ತು ಅಡಿಯ ಹಗ್ಗ ಇರಲಿ. ರಸ್ತೆಯ ಹತ್ತಿರ, ಕುರಿ ಹಿಂಡಿನ ಹತ್ತಿರ ಬಿಡಲೇಬೇಡಿ. ಮತ್ತೆ, ಹತ್ತಿರ ಕರೆದು ಬೈಯುವ ಚಟವಿದ್ದರೆ ಇಂದೇ ಬಿಡಿ. ಬಂದದ್ದಕ್ಕೆ ಬೈಗುಳ ಸಿಕ್ಕರೆ ಯಾರು ತಾನೇ ಮತ್ತೆ ಬಂದಾರು?

ಮೂರನೆಯದು "ಕೂತ್ಕೋ". ತಿನಿಸನ್ನು ಮೂಗಿನ ಹತ್ತಿರದಿಂದ ನಿಧಾನವಾಗಿ ಮೇಲಕ್ಕೂ ಹಿಂದಕ್ಕೂ ಒಯ್ದರೆ ಮರಿಯ ಹಿಂಭಾಗ ತಾನಾಗಿ ನೆಲಕ್ಕೆ ತಾಗುತ್ತದೆ. ಸೊಂಟ ಹಿಡಿದು ಒತ್ತಬೇಡಿ. ಜನ ಬಂದಾಗ ಕೂರುವುದನ್ನು ಕಲಿತ ಮರಿಗೆ ಕುಗ್ಗುವುದರ ಬದಲು ಮಾಡಲು ಒಂದು ಕೆಲಸ ಸಿಕ್ಕಂತಾಯಿತು.

ನಾಲ್ಕನೆಯದು, ಓಡಿ ಹಿಡಿಯುವ ಆಸೆಗೆ ಒಂದು ದಾರಿ. ಹಗ್ಗದ ತುದಿಗೆ ಹಳೆ ಬಟ್ಟೆ ಕಟ್ಟಿ ನೆಲದ ಮೇಲೆ ಎಳೆಯಿರಿ, ಅಟ್ಟಿ ಹಿಡಿಯಲಿ. ಮಕ್ಕಳು ಕಿರುಚುತ್ತ ಓಡಿ ಅದನ್ನು ಬೆನ್ನಟ್ಟಿಸಿಕೊಳ್ಳುವ ಆಟ ಮಾತ್ರ ಬೇಡ. ಇಂದು ತಮಾಷೆ, ನಾಯಿ ಬೆಳೆದ ಮೇಲೆ ಅಪಾಯ.

ಇದರ ಜೊತೆಗೆ ಲೋಕದ ಪರಿಚಯ. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಮರಿಯ ಮನಸ್ಸು ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಕುಕ್ಕರ್ ಸೀಟಿ, ಮಿಕ್ಸರ್, ಛತ್ರಿ, ಕೋಲು ಹಿಡಿದವರು, ಟೋಪಿ ಹಾಕಿದವರು, ಎಲ್ಲವನ್ನೂ ದೂರದಿಂದ ತೋರಿಸಿ, ತಿನಿಸು ಕೊಡುತ್ತ ಸ್ವಲ್ಪ ಸ್ವಲ್ಪವೇ ಹತ್ತಿರ ತನ್ನಿ. ಲಸಿಕೆಗಳು ಪೂರ್ತಿಯಾಗುವ ತನಕ ಬೀದಿಯ ನೆಲದ ಮೇಲೆ ಬಿಡದೆ, ಎತ್ತಿಕೊಂಡು ಗೇಟಿನ ಹತ್ತಿರ ನಿಂತರೂ ಸಾಕು. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಮುಂದಿನವು, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಎಂಬುದು ಸಾಮಾನ್ಯ ಕ್ರಮ. ದಿನಾಂಕಗಳನ್ನು ನಿಮ್ಮ ಪಶುವೈದ್ಯರು ಬರೆದುಕೊಡುತ್ತಾರೆ.

ಮರಿ ಕೊಳ್ಳುವವರಿಗೆ ಇನ್ನೊಂದು ಮಾತು. ಎಂಟು ವಾರ ತುಂಬದ ಮರಿಯನ್ನು ಮಾರುವುದನ್ನು 2017ರ ನಿಯಮಗಳು ನಿಷೇಧಿಸಿವೆ. ಆ ಎಂಟು ವಾರ ತಾಯಿ ಮತ್ತು ಒಡಹುಟ್ಟಿದವರ ಜೊತೆ ಕಳೆದ ಮರಿ ಎಷ್ಟೋ ಸಂಗತಿಗಳನ್ನು ಅಲ್ಲೇ ಕಲಿತಿರುತ್ತದೆ. ಬೇಗ ಕಿತ್ತು ತಂದ ಮರಿಗೆ ಅಂಜಿಕೆ ಹೆಚ್ಚು.

ಅಂಜಿದ ಮರಿ ಗುರ್ ಎಂದರೆ ಅಲ್ಲಿಗೆ ನಿಲ್ಲಿಸಿ, ಹಿಂದೆ ಸರಿಯಿರಿ. ಅದು ತಿನ್ನುವಾಗ, ಮಲಗಿದಾಗ ಮುಟ್ಟಬೇಡಿ. ತೀರ ಚಿಕ್ಕ ಮಕ್ಕಳನ್ನು ಮರಿಯ ಜೊತೆ ಒಂಟಿಯಾಗಿ ಬಿಡಬೇಡಿ. ಹಲ್ಲು ತಾಗಿ ಚರ್ಮ ಗೀಚಿದರೆ ಮುಚ್ಚಿಡದೆ ದೊಡ್ಡವರಿಗೆ ಹೇಳಿ, ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಆಸ್ಪತ್ರೆಗೆ ಹೋಗಬೇಕು.

ಎಷ್ಟು ದಿನ ಬೇಕು?

ಹೆಚ್ಚಿನ ಮರಿಗಳು ಒಂದು ವರ್ಷ ತುಂಬುವ ಹೊತ್ತಿಗೆ ಇದನ್ನು ಬಿಡುತ್ತವೆ. ಸ್ನಾಯು ಬಲಿಯುತ್ತದೆ, ಮನಸ್ಸೂ ಬಲಿಯುತ್ತದೆ. ನಡುವೆ ಚೆನ್ನಾಗಿದ್ದದ್ದು ಒಂದು ದಿನ ಮತ್ತೆ ಆದೀತು, ಅದಕ್ಕೆ ನಿರಾಶೆ ಬೇಡ. ದೀಪಾವಳಿಯ ಪಟಾಕಿ, ಮನೆ ತುಂಬ ನೆಂಟರು, ಮನೆಯಲ್ಲಿ ಜಗಳ, ಇವೆಲ್ಲ ಮರಿಯನ್ನು ಹಿಂದಕ್ಕೆ ತಳ್ಳುತ್ತವೆ. ಒಂದೆರಡು ವಾರ ಮೊದಲಿನ ಕ್ರಮವನ್ನೇ ಪಾಲಿಸಿದರೆ ಮತ್ತೆ ದಾರಿಗೆ ಬರುತ್ತದೆ. ಒಂದು ವರ್ಷದ ಮೇಲೂ ಬಿಡದಿದ್ದರೆ ಪಶುವೈದ್ಯರಿಗೆ ತೋರಿಸಿ.

ಮಕ್ಕಳೇ, ನಿಮ್ಮ ಮನೆಯ ಮರಿಗೂ ಈ ತೊಂದರೆ ಇದ್ದರೆ ಒಂದು ನೋಟ್‌ಬುಕ್ ತೆಗೆದುಕೊಂಡು ನಾಲ್ಕು ಕಾಲಂ ಹಾಕಿ. ಒಂದು ವಾರ ಬರೆದು, ಅಜ್ಜನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಯಾರ ಮುಂದೆ ಮರಿ ನಿರಾಳವಾಗಿದೆ ಎಂಬುದು ಗೊತ್ತಾಗುತ್ತದೆ. ಉಳಿದವರು ಅವರನ್ನು ನೋಡಿ ಕಲಿತರಾಯಿತು.